ಎಚ್‌ಒ ಸ್ಕೇಲ್ ಕಟ್ಟಡಕ್ಕೆ ಕಿಟಕಿ: ಮೊದಲು ಆಳ, ಆಮೇಲೆ ಕುಸುರಿ

ಮಾದರಿ ರೈಲ್ವೆ ಸ್ಟೇಷನ್ನಿನ ಕಿಟಕಿ ಗೋಡೆಗೆ ಅಂಟಿಸಿದ ಚೀಟಿಯಂತೆ ಕಾಣುತ್ತಿದ್ದರೆ, ಕೊರತೆ ಇರುವುದು ಆಳದಲ್ಲಿ. ಯಲಹಂಕ–ಚಿಕ್ಕಬಳ್ಳಾಪುರ ದಾರಿಯ ಹಳೆಯ ಸ್ಟೇಷನ್ನುಗಳಂಥ ಕಟ್ಟಡ ಮಾಡುವವರು ಇದನ್ನು ಮೊದಲೇ ಲೆಕ್ಕ ಹಾಕಬೇಕು.

ಎಚ್‌ಒ ಅಂದರೆ ಮಾದರಿ ರೈಲಿನ 1:87 ಅಳತೆ, ನಿಜದ 87ನೇ ಒಂದು ಪಾಲು. ಒಂದು ಅಡಿಗೆ 3.5 ಮಿ.ಮೀ. ಮೂರಡಿ ಅಗಲ, ನಾಲ್ಕಡಿ ಎತ್ತರದ ಕಿಟಕಿ 10.5 × 14 ಮಿ.ಮೀ. ಆಗುತ್ತದೆ. ಒಂದೂವರೆ ಅಡಿ ದಪ್ಪದ ಗೋಡೆ 5 ಮಿ.ಮೀ. ದಾಟುತ್ತದೆ. ನಿಮ್ಮ ಪ್ಲಾಸ್ಟಿಕ್ ಗೋಡೆ 1.5 ಮಿ.ಮೀ. ಇದ್ದರೆ, ಕಿಂಡಿಯ ಸುತ್ತ ಹಿಂದಿನಿಂದ 3 ಮಿ.ಮೀ. ಪಟ್ಟಿ ಅಂಟಿಸಿ, ಚೌಕಟ್ಟನ್ನು ಅದರೊಳಗೆ ಹಿಂದಕ್ಕೆ ಕೂರಿಸಿ. ಚೌಕಟ್ಟಿಗೆ 1 ಮಿ.ಮೀ. ಅಗಲದ ಪಟ್ಟಿ ಸಾಕು.

ನಮ್ಮ ಕಿಟಕಿಗೆ ಕಂಬಿ ಇಲ್ಲದಿದ್ದರೆ ಅದು ನಮ್ಮೂರಿನದಾಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 14/0.2 ವೈರ್ ಕೇಳಿ, ಒಳಗೆ 0.2 ಮಿ.ಮೀ. ದಪ್ಪದ ಹದಿನಾಲ್ಕು ತಾಮ್ರದ ಎಳೆ ಇರುತ್ತವೆ. ಒಂದೊಂದು ಎಳೆಯ ಎರಡೂ ತುದಿಯನ್ನು ಇಕ್ಕಳದಲ್ಲಿ ಹಿಡಿದು, ಚೂರು ಹಿಗ್ಗುವಷ್ಟು ಎಳೆದರೆ ಸುಕ್ಕೆಲ್ಲ ಹೋಗಿ ನೆಟ್ಟಗಾಗುತ್ತದೆ. ಗ್ರಾಫ್ ಹಾಳೆಯ ಮೇಲೆ, ಎರಡೂ ಬದಿ ಡಬಲ್ ಟೇಪ್ ಹಚ್ಚಿ, ಮಿಲಿಮೀಟರ್ ಗೆರೆಗೊಂದರಂತೆ ಎಂಟು ಎಳೆ ಇಡಿ. ಮೇಲೆ ಚೌಕಟ್ಟನ್ನು ಕವುಚಿ ಹಾಕಿ ಅಂಟಿಸಿ, ಒಣಗಿದ ಮೇಲೆ ತುದಿ ಕತ್ತರಿಸಿ. ಕದ ಹೊರಕ್ಕೆ ತೆರೆಯುವಂಥದ್ದಾದರೆ ಕಂಬಿ ಗಾಜಿನ ಹಿಂದೆ, ಒಳಕ್ಕಾದರೆ ಮುಂದೆ. ಈ ಕ್ರಮ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಕಣ್ಣಿಗೆ ಒಗ್ಗುವುದಿಲ್ಲ.

ಬಣ್ಣ, ಮ್ಯಾಟ್ ವಾರ್ನಿಷ್ ಎಲ್ಲ ಮುಗಿದ ಮೇಲೇ ಗಾಜು. ವಾರ್ನಿಷ್ ಬಿದ್ದರೆ ಗಾಜು ಮಬ್ಬಾಗುತ್ತದೆ.

ಓಎಚ್‌ಪಿ ಶೀಟ್ (ಪ್ರೊಜೆಕ್ಟರಿಗೆ ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಅಗ್ಗ, ಕತ್ತರಿಸುವುದೂ ಸುಲಭ; ಆದರೆ ಅಂಟು ಎಳೆದ ಕಡೆ ಅಲೆಯೇಳುತ್ತದೆ, ಬೆಳಕು ಬಿದ್ದಾಗ ಗೊತ್ತಾಗಿಬಿಡುತ್ತದೆ. ಮೈಕ್ರೋಸ್ಕೋಪಿನ ಕವರ್ ಸ್ಲಿಪ್ಪೇ ನನಗೆ ಮೆಚ್ಚು. ಸುಮಾರು 0.15 ಮಿ.ಮೀ. ದಪ್ಪದ ಅಪ್ಪಟ ಗಾಜು ಅದು. 18 × 18 ಮಿ.ಮೀ. ಚೂರು ಈ ಅಳತೆಯ ಕಿಟಕಿಗೆ ಕತ್ತರಿಸದೆಯೇ ಹಿಂದಿನಿಂದ ಕೂರುತ್ತದೆ. ಬೆರಳಿಟ್ಟು ಒತ್ತಬೇಡಿ, ಫಟ್ಟನೆ ಒಡೆಯುತ್ತದೆ. ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ.

ಇಲ್ಲಿ ಸೂಪರ್ ಗ್ಲೂ ಬೇಡವೇ ಬೇಡ. ಅದರ ಆವಿ ಗಾಳಿಯ ತೇವದೊಂದಿಗೆ ಸೇರಿ ಗಾಜಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಟೂತ್‌ಪಿಕ್ಕಿನ ತುದಿಯಲ್ಲಿ ಫೆವಿಕಾಲ್ ತೆಗೆದುಕೊಂಡು ನಾಲ್ಕು ಮೂಲೆಗೆ ಚುಕ್ಕೆ ಇಡಿ. ಹೆಚ್ಚಾದದ್ದನ್ನು ಹಸಿಯಿರುವಾಗಲೇ ಒದ್ದೆ ಬ್ರಷ್ಷಿನಿಂದ ಒರೆಸಬಹುದು.

ಹಿಂದೆ ಖಾಲಿ ಬಿಟ್ಟರೆ ಎದುರಿನ ಕಿಟಕಿಯಿಂದ ಬೆಳಕು ತೂರಿ ಬಂದು ಕಟ್ಟಡ ಟೊಳ್ಳೆಂದು ತಿಳಿಯುತ್ತದೆ. ಗಾಜಿನಿಂದ 8 ಮಿ.ಮೀ. ಹಿಂದಕ್ಕೆ ಕಡು ಬೂದು ಕಾಗದ ನಿಲ್ಲಿಸಿ, ಹೊಳಪಿಲ್ಲದ್ದು.