ಪೆಟ್ರಾದಲ್ಲಿ ನೀರಿನ ಜಾಡು ಹಿಡಿದು

ಜೋರ್ಡಾನ್ ದೇಶದ ಪೆಟ್ರಾ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಎರಡು ಬಂಡೆಗಳ ಸಂದಿಯಿಂದ ಇಣುಕುವ, ಗುಲಾಬಿ ಬಣ್ಣದ ಮರಳುಗಲ್ಲಿನಲ್ಲಿ ಕೆತ್ತಿದ ಆ ಮುಖಮಂಟಪದ ಚಿತ್ರ. ಮಾರ್ಚ್ ತಿಂಗಳಲ್ಲಿ ಅಕ್ಕನ ಜೊತೆ ಅಲ್ಲಿಗೆ ಹೋದಾಗ ನನಗೂ ಅದನ್ನು ನೋಡುವ ಆತುರವಿತ್ತು. ಆದರೆ ದಾರಿಯ ಮೊದಲ ನೂರು ಹೆಜ್ಜೆಗಳಲ್ಲೇ ಅಕ್ಕ ನಿಂತುಬಿಟ್ಟಳು. ಪಕ್ಕದ ಬಂಡೆಯಲ್ಲಿ ಉದ್ದಕ್ಕೂ ಕೊರೆದಿದ್ದ ಕಾಲುವೆಯೊಂದರಲ್ಲಿ ಕೈಯಿಟ್ಟು, ‘ಇದು ನೀರು ಹರಿಯಲು ಮಾಡಿದ್ದು, ನೋಡು’ ಎಂದಳು. ಅಲ್ಲಿಂದ ಮುಂದೆ ಎರಡು ದಿನ ನಾವು ಆ ಊರನ್ನು ನೋಡಿದ್ದೆಲ್ಲ ಆ ಕಾಲುವೆಯ ಜಾಡು ಹಿಡಿದೇ.

ಆ ದಾರಿಯ ಹೆಸರು ಸಿಕ್. ಭೂಮಿಯ ಒಳಗಿನ ಒತ್ತಡಕ್ಕೆ ಬೆಟ್ಟವೇ ಸೀಳಿ ಉಂಟಾದ ಈ ಕಣಿವೆ ಸುಮಾರು 1.2 ಕಿಲೋಮೀಟರ್ ಉದ್ದವಿದೆ. ಕೆಲವು ಕಡೆ ಎಷ್ಟು ಇಕ್ಕಟ್ಟೆಂದರೆ, ತಲೆಯೆತ್ತಿದರೆ ಆಕಾಶ ಒಂದು ನೀಲಿ ಪಟ್ಟಿಯಾಗಿ ಮಾತ್ರ ಕಾಣುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಇಲ್ಲಿ ಬಾಳಿದ ನಬಾಟಿಯನ್ನರು ಕಣಿವೆಯ ಒಂದು ಬದಿಯಲ್ಲಿ ಬಂಡೆಯನ್ನೇ ಕೊರೆದು ಕಾಲುವೆ ಮಾಡಿ, ಮೇಲೆ ಕಲ್ಲಿನ ಚಪ್ಪಡಿ ಮುಚ್ಚಿದ್ದರು; ಇನ್ನೊಂದು ಬದಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ಸೇರಿಸಿ ಕೂರಿಸಿದ್ದರು. ಅಲ್ಲಲ್ಲಿ ಕೊಳವೆಯ ತುಂಡುಗಳು ಇಂದಿಗೂ ಗೋಡೆಗೆ ಅಂಟಿಕೊಂಡಿವೆ. ಒಂದು ಕೀಲಿನಲ್ಲಿ ಹಚ್ಚಿದ ಗಾರೆಯನ್ನು ನಾನು ಹತ್ತಿರದಿಂದ ನೋಡಿದೆ. ಅದು ಸೋರದಂತೆ ಒತ್ತಿ ನೇವರಿಸಿದ ಕೈ ಯಾರದೋ! ನನ್ನ ಮಟ್ಟಿಗೆ ಪೆಟ್ರಾದಲ್ಲಿ ಅದಕ್ಕಿಂತ ದೊಡ್ಡ ಶಿಲ್ಪವಿಲ್ಲ.

ವರ್ಷಕ್ಕೆ ಸುಮಾರು 150 ಮಿಲಿಮೀಟರ್ ಮಳೆ ಬೀಳುವ ನೆಲವಿದು. ಹಾಗೆಂದು ನೀರಿನ ಭಯವೇ ಇಲ್ಲವೆಂದಲ್ಲ. ಬಿದ್ದಾಗ ಮಳೆ ಒಮ್ಮೆಲೇ ಸುರಿದು, ಬೋಳು ಬೆಟ್ಟಗಳಿಂದ ಇಳಿದ ನೀರೆಲ್ಲ ಈ ಇಕ್ಕಟ್ಟಿನ ಕಣಿವೆಗೆ ನುಗ್ಗುತ್ತದೆ. ನಬಾಟಿಯನ್ನರು ಸಿಕ್‌ನ ಬಾಯಿಗೆ ಅಡ್ಡಗಟ್ಟೆ ಕಟ್ಟಿ, ಬೆಟ್ಟದಲ್ಲಿ ಸುರಂಗ ಕೊರೆದು ನೆರೆನೀರನ್ನು ಬೇರೆ ಕಣಿವೆಗೆ ತಿರುಗಿಸಿದ್ದರು. ಕಾಲಾಂತರದಲ್ಲಿ ಆ ಕಟ್ಟೆ ಹಾಳಾಯಿತು. 1963ರ ಏಪ್ರಿಲ್‌ನಲ್ಲಿ ಹಠಾತ್ತನೆ ಬಂದ ನೆರೆ ಸಿಕ್‌ನೊಳಗಿದ್ದ ಇಪ್ಪತ್ತಕ್ಕೂ ಹೆಚ್ಚು ಫ್ರೆಂಚ್ ಪ್ರವಾಸಿಗರನ್ನು ಬಲಿ ತೆಗೆದುಕೊಂಡಿತು. ಅದಾದ ಮೇಲೆಯೇ ಅಲ್ಲಿ ಹೊಸ ಕಟ್ಟೆ ಎದ್ದದ್ದು, ಅದೂ ಹಳೆಯ ಕಟ್ಟೆಯಿದ್ದ ಜಾಗದಲ್ಲೇ. ಈಗ ಒಳಗೆ ಹೋಗುವವರೆಲ್ಲರೂ ಅದರ ಪಕ್ಕದಲ್ಲೇ ನಡೆದುಹೋಗುತ್ತಾರೆ. ದಯವಿಟ್ಟು ಅಲ್ಲಿ ಒಂದು ನಿಮಿಷ ನಿಲ್ಲಿ.

ಕುಡಿಯುವ ನೀರು ಬರುತ್ತಿದ್ದದ್ದು ಮುಖ್ಯವಾಗಿ ಊರಿನ ಮೇಲ್ಭಾಗದಲ್ಲಿರುವ ಐನ್ ಮೂಸಾ ಎಂಬ ಚಿಲುಮೆಯಿಂದ. ಅದರ ಜೊತೆಗೆ ಬೆಟ್ಟದ ತುಂಬ ಕೊರೆದ ತೊಟ್ಟಿಗಳಿದ್ದವು. ಗ್ರೀಕ್ ಇತಿಹಾಸಕಾರ ಡಿಯೊಡೋರಸ್, ಈ ಜನ ಮರುಭೂಮಿಯಲ್ಲಿ ಬಾಯಿ ಕಿರಿದಾಗಿ ಒಳಗೆ ವಿಶಾಲವಾಗಿರುವ ತೊಟ್ಟಿಗಳನ್ನು ತೋಡಿ, ಗಾರೆ ಬಳಿದು, ಮಳೆನೀರು ತುಂಬಿಸಿ, ತಮಗೆ ಮಾತ್ರ ತಿಳಿಯುವ ಗುರುತಿಟ್ಟು ಬಾಯಿ ಮುಚ್ಚುತ್ತಿದ್ದರೆಂದು ಬರೆದಿದ್ದಾನೆ. ಬೆನ್ನಟ್ಟಿ ಬಂದ ಸೈನ್ಯ ಬಾಯಾರಿ ಹಿಂದಿರುಗಬೇಕಿತ್ತು. ಇವರು ಮಾತ್ರ ನಿಶ್ಚಿಂತೆಯಿಂದ ಇರುತ್ತಿದ್ದರು. ಅರೇಬಿಯದ ಧೂಪವನ್ನೂ ಪರಿಮಳದ್ರವ್ಯಗಳನ್ನೂ ಮೆಡಿಟರೇನಿಯನ್ ಕರಾವಳಿಗೆ ಸಾಗಿಸಿ ಅವರು ಗಳಿಸಿದ ಸಿರಿಯ ಬುಡದಲ್ಲಿ ಇದ್ದದ್ದು ಈ ನೀರಿನ ಗುಟ್ಟೇ ಎಂದು ನಾನು ನಂಬುತ್ತೇನೆ.

ಸಿಕ್ ಮುಗಿಯುವಲ್ಲಿ ಮೊದಲು ಹೇಳಿದ ಆ ಮುಖಮಂಟಪ, ಖಜಾನೆ, ಎದುರಾಗುತ್ತದೆ. ಸ್ಥಳೀಯರು ಅದನ್ನು ಕರೆಯುವುದು ‘ಅಲ್ ಖಜ್ನೆ’ ಎಂದು. ನಾವು ದಿನವೂ ಬಳಸುವ ಖಜಾನೆ ಎಂಬ ಪದ ಅರಬ್ಬಿಯ ಅದೇ ಮೂಲದ್ದು. ಅಷ್ಟು ದೂರದ ಊರಿನಲ್ಲಿ ಅದನ್ನು ಕೇಳಿದಾಗ ನೆಂಟರೊಬ್ಬರು ಸಿಕ್ಕಂತಾಯಿತು. ಸುಮಾರು 39 ಮೀಟರ್ ಎತ್ತರದ ಈ ಕೆತ್ತನೆಯ ತುದಿಯಲ್ಲಿ ಕಲ್ಲಿನ ಕಲಶವೊಂದಿದೆ. ಅದರೊಳಗೆ ನಿಧಿಯಿದೆಯೆಂದು ನಂಬಿದವರು ಗುಂಡು ಹಾರಿಸಿದ ಗುರುತುಗಳು ಅದರ ಮೈಮೇಲೆ ಉಳಿದಿವೆ. ಕಲಶವಾದರೋ ಗಟ್ಟಿ ಕಲ್ಲು. ಕಟ್ಟಡವೂ ಖಜಾನೆಯಲ್ಲ: 2003ರಲ್ಲಿ ಅದರ ಮುಂದಿನ ನೆಲದಡಿಯಲ್ಲಿ ಗೋರಿಗಳು ಸಿಕ್ಕವು.

ಇಂಥ ಮುಖಮಂಟಪಗಳನ್ನು ಮೇಲಿನಿಂದ ಕೆಳಕ್ಕೆ ಕೆತ್ತುತ್ತಿದ್ದರೆಂಬುದಕ್ಕೆ, ಮೇಲ್ಭಾಗ ಮಾತ್ರ ಮುಗಿದು ಕೆಳಗೆ ಬರಿ ಬಂಡೆಯಾಗಿಯೇ ನಿಂತ ಗೋರಿಯೊಂದು ಅಲ್ಲೇ ಸಾಕ್ಷಿಯಾಗಿದೆ. ಎಂಟುನೂರರಷ್ಟು ಮೆಟ್ಟಿಲು ಹತ್ತಿ ನೋಡಬೇಕಾದ ಅದ್ ದೈರ್ ಎಂಬ ಇನ್ನೊಂದು ಮುಖಮಂಟಪ ಖಜಾನೆಗಿಂತ ದೊಡ್ಡದು, ಅಲಂಕಾರ ಕಡಿಮೆ, ಗಾಂಭೀರ್ಯ ಹೆಚ್ಚು. ಮೊಣಕಾಲು ಒಪ್ಪುವುದಾದರೆ ಬಿಡಬೇಡಿ.

ಕ್ರಿ.ಶ. 106ರಲ್ಲಿ ರೋಮನ್ನರು ಈ ರಾಜ್ಯವನ್ನು ತಮ್ಮದಾಗಿಸಿಕೊಂಡರು. 363ರ ಭೂಕಂಪ ಊರಿನ ಬಹುಭಾಗವನ್ನು ಕೆಡವಿತು. ಆ ಹೊತ್ತಿಗೆ ವ್ಯಾಪಾರದ ದಾರಿಗಳೂ ಬೇರೆ ಕಡೆಗೆ ಸರಿದಿದ್ದವು. ಕಟ್ಟೆಗಳ ಹೂಳು ತೆಗೆಯುವ, ಕೊಳವೆ ಒಡೆದಲ್ಲಿ ಗಾರೆ ಹಚ್ಚುವ ಕೈಗಳು ಕಡಿಮೆಯಾದಂತೆ ಅಷ್ಟು ದೊಡ್ಡ ಊರು ಅಲ್ಲಿ ಉಳಿಯುವುದು ಸಾಧ್ಯವಿರಲಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ವಾದಿ ರಮ್. ಕೆಂಪು ಮರಳಿನ ನಡುವೆ ಹಡಗುಗಳಂತೆ ನಿಂತ ಆ ಬೆಟ್ಟಗಳನ್ನು ಹೊತ್ತು ಮುಳುಗುವಾಗ ನೋಡಬೇಕು. ಅಲ್ಲಿ ಮೇಲೆ ಮರಳುಗಲ್ಲು, ಅದರಡಿಯಲ್ಲಿ ಗ್ರಾನೈಟ್. ಮರಳುಗಲ್ಲಿನಲ್ಲಿ ಇಂಗಿದ ಮಳೆನೀರು ಗ್ರಾನೈಟನ್ನು ದಾಟಲಾರದೆ ಎರಡೂ ಸೇರುವ ಗೆರೆಯಲ್ಲಿ ಒಸರುತ್ತದೆ. ಬೋಳು ಬೆಟ್ಟದ ಮಧ್ಯದಲ್ಲಿ ಒಂದು ಹಸಿರು ಗೆರೆ, ಅಂಜೂರದ ಗಿಡ, ಪುದೀನದ ವಾಸನೆ ಕಂಡರೆ ಅಲ್ಲಿ ಚಿಲುಮೆಯಿದೆ ಎಂದೇ ಅರ್ಥ. ಅಂಥ ಚಿಲುಮೆಯ ಕೆಳಗೇ ನಬಾಟಿಯನ್ನರು ಗುಡಿ ಕಟ್ಟಿದ್ದರು.

ಜೆರಾಶ್‌ನ ರೋಮನ್ ಕಂಬಸಾಲುಗಳನ್ನು ಅರ್ಧ ದಿನದಲ್ಲಿ ನೋಡಿ ಮುಗಿಸಿ ಅಮ್ಮಾನ್ ತಲುಪಿದೆವು. ಅಲ್ಲಿನ ಕೋಟೆಗುಡ್ಡದ ಮೇಲೆ ಉಮಯ್ಯದ್ ಖಲೀಫರ ಕಾಲದ ದುಂಡನೆಯ ದೊಡ್ಡ ನೀರಿನ ತೊಟ್ಟಿಯಿದೆ. ಗೋಡೆಗೆ ಅಂಟಿಕೊಂಡು ಮೆಟ್ಟಿಲುಗಳು ಕೆಳಗಿಳಿಯುತ್ತವೆ; ನಡುವೆ ನೀರಿನ ಮಟ್ಟ ಅಳೆಯುತ್ತಿದ್ದ ಕಂಬದ ಬುಡ ಉಳಿದಿದೆ. ಅದರ ಅಂಚಿನಿಂದ ಎದುರಿನ ಗುಡ್ಡ ನೋಡಿದರೆ ಮನೆಮನೆಯ ತಾರಸಿಯ ಮೇಲೆ ನೀರಿನ ಟ್ಯಾಂಕುಗಳ ಸಾಲು. ಈ ನಗರದ ಬಹುಪಾಲು ಮನೆಗಳಿಗೆ ನಲ್ಲಿ ನೀರು ಬರುವುದು ಸರದಿಯ ಪ್ರಕಾರ, ವಾರಕ್ಕೊಮ್ಮೆ. 2013ರಿಂದ ವಾದಿ ರಮ್ ಬಳಿಯ ದಿಸಿ ಎಂಬಲ್ಲಿ ಸಾವಿರಾರು ವರ್ಷಗಳಿಂದ ನೆಲದಡಿ ನಿಂತಿರುವ ನೀರನ್ನು ಎತ್ತಿ, 300 ಕಿಲೋಮೀಟರಿಗೂ ಉದ್ದದ ಕೊಳವೆಮಾರ್ಗದಲ್ಲಿ ಅಮ್ಮಾನಿಗೆ ತರುತ್ತಿದ್ದಾರೆ.

ನಾವು ತಂಗಿದ್ದ ಮನೆಯಲ್ಲಿ ಅಂದು ನೀರು ಬಿಡುವ ದಿನ. ರಾತ್ರಿ ಮೇಲಿನ ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳಿ ಮನೆಯೊಡತಿ ಎದ್ದು, ಬಟ್ಟೆ ತೊಳೆಯುವ ಯಂತ್ರ ಹಚ್ಚಿ, ಅಡುಗೆಮನೆಯ ಕೊಡಗಳನ್ನೆಲ್ಲ ಒಂದೊಂದಾಗಿ ನಲ್ಲಿಯ ಕೆಳಗೆ ಇಡತೊಡಗಿದರು. ಅಕ್ಕನೂ ಎದ್ದು ಹೋಗಿ ತುಂಬಿದ ಕೊಡಗಳನ್ನು ಎತ್ತಿ ಇಡಲು ಅವರಿಗೆ ಕೈಜೋಡಿಸಿದಳು.