ಮೂರಡಿ ಬಿಸಿಲು

ಮಂಗಳವಾರ ಮಧ್ಯಾಹ್ನ ಪಕ್ಕದ ಮನೆ ಅಜ್ಜಿ ಕಾಂಪೌಂಡಿನ ಆಚೆಯಿಂದ ತಲೆ ಎತ್ತಿ ನೋಡುತ್ತಿದ್ದರು. ನಮ್ಮ ತಾರಸಿ ಮೇಲೆ ಶೀಟು ಹಾಕಲು ಬಂದ ವೆಲ್ಡಿಂಗ್‌ನವರು ಗುರುತು ಮಾಡಿಕೊಳ್ಳಲು ಒಂದು ಜಿಐ ಪೈಪನ್ನು ಗೋಡೆಯಿಂದ ಆಚೆಗೆ ಚಾಚಿ ಹಿಡಿದಿದ್ದರು. ಏನು ಕೇಳುತ್ತಾರೆ ಅಂತ ನನಗೆ ಗೊತ್ತಿತ್ತು, ಉತ್ತರವನ್ನೂ ಮೊದಲೇ ಇಟ್ಟುಕೊಂಡಿದ್ದೆ.

"ಅಜ್ಜಿ, ಶೀಟಿನ ಅಂಚಿಗೆ ಗಟರ್ ಹಾಕಿಸ್ತೀವಿ. ನಿಮ್ ಕಡೆ ಒಂದ್ ಹನಿ ನೀರೂ ಬೀಳಲ್ಲ."

"ನೀರು ಬಂದ್ರೆ ಬರ್ಲಿ ಕಣವ್ವ, ಹೆಂಗೋ ಹರ್ಕಂಡ್ ಹೋಯ್ತದೆ. ಬಿಸ್ಲು ಹೋದ್ರೆ ನಾನೆಲ್ಲಿಂದ ತರ್ಲಿ?"

ಜೋರು ಮಾಡಲಿಲ್ಲ, ಜಗಳದ ದನಿಯೂ ಅಲ್ಲ. ಕೇಳಿ ಮತ್ತೆ ಬಗ್ಗಿ ರಾಗಿ ಕೆದಕತೊಡಗಿದರು. ಇವತ್ತು ಭಾನುವಾರ. ಒಲೆ ಮುಂದೆ ನಿಂತರೂ ಬಸ್ಸಲ್ಲಿ ಕೂತರೂ ಅದೇ ಮಾತು ಕಿವಿಯಲ್ಲಿದೆ.

ಚಿತ್ತೆ ಮಳೆಗೆ ನಮ್ಮ ತಾರಸಿ ಸೋರುವುದು ಇದು ಮೂರನೇ ವರ್ಷ. ಎರಡು ಸಲ ವಾಟರ್‌ಪ್ರೂಫಿಂಗ್ ಮಾಡಿಸಿದ್ದಾಯಿತು, ಮಗಳ ರೂಮಿನ ಮೂಲೆಯಲ್ಲಿ ಮತ್ತೆ ಬೂಷ್ಟು. ಮಂಡ್ಯದಲ್ಲಿ ಈಗ ಯಾವ ಬೀದಿಗೆ ಹೋದರೂ ತಾರಸಿ ಮೇಲೆ ನೀಲಿ, ಕೆಂಪು ಶೀಟು ಕಾಣುತ್ತದೆ. ನಾವೂ ಹಾಕಿಸೋಣ ಅಂದುಕೊಂಡೆವು. ಅಳತೆಗೆ ಬಂದ ವೆಲ್ಡಿಂಗ್‌ನವರು, "ಮೇಡಂ, ಹೆಂಗೂ ಮಾಡಿಸ್ತಿದೀರಿ, ಪಕ್ಕದ್ ಮೂರಡಿನೂ ಸೇರಿಸ್ಕೊಬುಡಿ. ಗೋಡೆಗೆ ಇರಚಲು ಹೊಡಿಯಲ್ಲ, ಕೆಳಗೆ ಗಾಡಿ ನಿಲ್ಸಕ್ಕೂ ಆಯ್ತದೆ" ಅಂದರು. ಲೈಸೆನ್ಸ್ ಬೇಡವಾ ಅಂದರೆ, "ಶೀಟಿಗೆಲ್ಲ ಯಾರ್ ಮೇಡಂ ತಗತಾರೆ? ಮೋಲ್ಡ್ ಹಾಕಿದ್ರೆ ಕೇಳ್ತಾರೆ" ಅಂದರು. ಒಳ್ಳೆಯ ಕೆಲಸಗಾರ, ಒಂದು ಇಂಚು ಪೈಪ್ ದಂಡ ಮಾಡುವವರಲ್ಲ. ಬೀದಿ ತುಂಬ ನಡೆಯುತ್ತಿರುವುದನ್ನೇ ಅವರು ಹೇಳಿದ್ದು. ನನ್ನ ಯಜಮಾನರು ಆಗಲೇ ಹೂಂ ಅಂದುಬಿಟ್ಟಿದ್ದರು. ಅವರಿಗೆ ಯಾವ ಕೆಲಸವೂ ಬೇಗ ಮುಗಿಯಬೇಕು.

ಅಜ್ಜಿಯದು ಹೆಂಚಿನ ಮನೆ, ನಮ್ಮ ಮನೆಗೆ ಪೂರ್ವಕ್ಕಿದೆ. ಆ ಮನೆಗೂ ನಮ್ಮ ಕಾಂಪೌಂಡಿಗೂ ನಡುವೆ ನಾಲ್ಕಡಿ ಓಣಿ, ಕಾಂಪೌಂಡಿನ ಒಳಗೆ ನಮ್ಮ ಗೋಡೆಯ ತನಕ ಆ ಮೂರಡಿ. ಬೆಳಿಗ್ಗೆ ಅವರ ಮನೆಯ ನೆರಳು, ಮೂರು ಗಂಟೆ ಹೊತ್ತಿಗೆ ನಮ್ಮ ಮನೆಯ ನೆರಳು. ನಡುವೆ ಸಿಗುವುದೇ ಅವರ ಪಾಲಿನ ಬಿಸಿಲು. ಮಿಲ್ಲಿಗೆ ಹಾಕಿಸುವ ಮುಂಚೆ ರಾಗಿ ತೊಳೆದು ಒಂದು ಹಳೇ ಸೀರೆಯ ಮೇಲೆ ಹರವುತ್ತಾರೆ, ನಾಲ್ಕು ಮೂಲೆಗೂ ಕಲ್ಲಿಡುತ್ತಾರೆ. ಹನ್ನೊಂದಕ್ಕೆ ಸೀರೆ ನಮ್ಮ ಕಾಂಪೌಂಡಿನ ಬುಡದಲ್ಲಿರುತ್ತದೆ. ಆಮೇಲೆ ಬಿಸಿಲು ಸರಿದ ಹಾಗೆ ಎಳೆದು ಎಳೆದು ಎರಡು ಗಂಟೆ ಹೊತ್ತಿಗೆ ತಮ್ಮ ಗೋಡೆಯ ಬುಡ ಸೇರಿಸಿರುತ್ತಾರೆ. ನಾಲ್ಕು ಬೆರಳು ಅಗಲಿಸಿ ರಾಗಿಯಲ್ಲಿ ಗೀರುತ್ತಾರೆ, ಉತ್ತ ಹೊಲದ ಸಾಲಿನ ಹಾಗೆ. ಮಂಗಳವಾರ ಆ ಸಾಲುಗಳ ಮೇಲೆ ಅಡ್ಡಡ್ಡಲಾಗಿ ನಮ್ಮ ಪೈಪಿನ ನೆರಳು ಬಿದ್ದಿತ್ತು. ಅಜ್ಜಿ ತಲೆ ಎತ್ತಿದ್ದು ಅದಕ್ಕೇ.

ಹನ್ನೆರಡು ವರ್ಷದಿಂದ ಈ ಮನೆಯಲ್ಲಿದ್ದೇನೆ. ಆ ಸೀರೆ ದಿನಾ ಜರುಗುವುದನ್ನು ಅಡುಗೆಮನೆ ಕಿಟಕಿಯಿಂದ ನೋಡಿದ್ದೇನೆ. ಆದರೂ ಗಟರಿನ ಬಗ್ಗೆ ಯೋಚಿಸಿದೆನೇ ಹೊರತು ಬಿಸಿಲಿನ ಬಗ್ಗೆ ಯೋಚಿಸಲಿಲ್ಲ. ನನಗೆ ನೋವಾಗಿರುವುದು ಇದೇ.

ಬುಧವಾರ ಮನೆಯ ನಕ್ಷೆ ಹಿಡಿದು ನಗರಸಭೆಗೆ ಹೋದೆ. ಅಲ್ಲಿನ ಇಂಜಿನಿಯರ್ ಸಮಾಧಾನವಾಗಿ ಕೂರಿಸಿಕೊಂಡು ಹೇಳಿದರು. ಕರ್ನಾಟಕ ಪುರಸಭೆಗಳ ಕಾಯ್ದೆ, 1964ರದ್ದು. ಅದರ 187ನೇ ಕಲಂ ಪ್ರಕಾರ ಹೊಸ ಮನೆಗೆ ಮಾತ್ರ ಅಲ್ಲ, ಇರುವ ಮನೆಯನ್ನು ಹಿಗ್ಗಿಸುವುದಕ್ಕೂ ಅನುಮತಿ ಬೇಕು. ಕಿಟಕಿಯ ಮೇಲಿನ ಸಜ್ಜ ಬೇರೆ ಮಾತು, ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅದಕ್ಕೆ 0.75 ಮೀಟರ್ ತನಕ, ಅಂದರೆ ಸುಮಾರು ಎರಡೂವರೆ ಅಡಿ ಬಿಡುತ್ತಾರೆ. ಮೂರಡಿಯನ್ನೂ ಪೂರ್ತಿ ಮುಚ್ಚುವ ಶೀಟು-ಪೈಪಿನ ಟ್ರಸ್ಸನ್ನು ಸಜ್ಜ ಅನ್ನುವ ಹಾಗಿಲ್ಲ. ಅವರು ನಕ್ಷೆಯ ಆ ಮೂರಡಿ ಪಟ್ಟಿಯ ಮೇಲೆ ಪೆನ್ನಿಟ್ಟು, "ಶೀಟಾದ್ರೇನು, ಮೋಲ್ಡಾದ್ರೇನು ಮೇಡಂ, ಸೆಟ್‌ಬ್ಯಾಕ್ ಅಂದ್ರೆ ಮನೆ ಸುತ್ತ ಬಿಡ್ಬೇಕಾದ ಜಾಗ, ಅದು ನೆಲದಿಂದ ಆಕಾಶದ ತನಕ ಖಾಲಿ ಇರ್ಬೇಕು" ಅಂದರು.

ಮನೆಗೆ ಬಂದು ಹೇಳಿದರೆ ಮೈದುನ, "ಅತ್ತಿಗೆ, ಮುಂದೆ ಅಕ್ರಮ-ಸಕ್ರಮದಲ್ಲಿ ದಂಡ ಕಟ್ಟಿದ್ರಾಯ್ತು ಬಿಡಿ" ಅಂದ. ಬುದ್ಧಿವಂತ ಹುಡುಗ, ಆದರೆ ಈ ಮಾತು ನನಗೆ ಸಿಟ್ಟು ತರಿಸಿತು. ಆ ಯೋಜನೆ ಇದ್ದದ್ದೇ 2013ರ ಅಕ್ಟೋಬರ್‌ಗೆ ಮುಂಚೆ ಕಟ್ಟಿದ್ದಕ್ಕೆ. ಅದಕ್ಕೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದೂ ಇರಲಿ, ನಾವು ಕಟ್ಟುವ ದಂಡ ಸರ್ಕಾರಕ್ಕೆ ಹೋಗುತ್ತದೆ. ಅಜ್ಜಿಯ ರಾಗಿ ಒಣಗುತ್ತದೆಯೇ?

ರಾತ್ರಿ ಗೆಳತಿಗೆ ಫೋನ್ ಮಾಡಿದೆ, ಅವಳು ವಕೀಲೆ. ಸೂರಿನ ನೀರಿನ ವಿಷಯ 1882ರ ಅನುಭೋಗ ಹಕ್ಕುಗಳ ಕಾಯ್ದೆಯಲ್ಲೇ ಇದೆ ಅಂದಳು. ಒಬ್ಬನ ಸೂರಿನ ನೀರು ಪಕ್ಕದವನ ಜಾಗಕ್ಕೆ ಬೀಳುವ ಹಕ್ಕು ಇದ್ದರೂ, ಸೂರನ್ನು ಇನ್ನಷ್ಟು ಮುಂದಕ್ಕೆ ಚಾಚಿ ಪಕ್ಕದವನ ಮೇಲೆ ಹೊರೆ ಹೆಚ್ಚಿಸುವ ಹಾಗಿಲ್ಲ ಅಂತ ಉದಾಹರಣೆ ಸಮೇತ ಬರೆದಿದ್ದಾರಂತೆ. ಇಪ್ಪತ್ತು ವರ್ಷ ತಡೆಯಿಲ್ಲದೆ ಕಿಟಕಿಗೆ ಬಂದ ಬೆಳಕಿಗೂ ಹಕ್ಕುಂಟು. "ಓಣಿಯಲ್ಲಿ ರಾಗಿ ಒಣಗಿಸೋ ಬಿಸಿಲಿಗೆ?" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅದು ಕಿಟಕಿ ಅಲ್ವಲ್ಲ, ಕಷ್ಟ ಕಣೇ" ಅಂದಳು.

ಅಲ್ಲಿಗೆ ಅಜ್ಜಿ ಯಾವ ಕೋರ್ಟಿಗೆ ಹೋದರೂ ಆ ಬಿಸಿಲು ನನ್ನದು ಅಂತ ಗಟ್ಟಿಯಾಗಿ ಹೇಳುವುದು ಕಷ್ಟ. ಅದನ್ನು ಕಾಯುತ್ತಿರುವುದು ನಮ್ಮ ನಕ್ಷೆಯಲ್ಲಿರುವ ಆ ಮೂರಡಿಯ ಗೆರೆ ಒಂದೇ. ಇಷ್ಟು ವರ್ಷ ಆ ಗೆರೆಯನ್ನು ನಾನು ಲಂಚಕ್ಕೊಂದು ದಾರಿ, ನಮ್ಮ ಜಾಗ ನಮಗೆ ಸಿಗದ ಹಾಗೆ ಮಾಡುವ ಕಾಟ ಅಂತಲೇ ತಿಳಿದಿದ್ದೆ. ನಮ್ಮ ಬೀದಿಯಲ್ಲಿ ಒಬ್ಬೊಬ್ಬರೂ ಅದನ್ನು ಮುಚ್ಚುತ್ತಾ ಬಂದಿದ್ದೇವೆ. ಸಂಜೆ ವಾಕಿಂಗ್ ಹೋದಾಗ ಲೆಕ್ಕ ಹಾಕಿದೆ, ನಮ್ಮ ಸಾಲಿನ ಹದಿನಾಲ್ಕು ಮನೆಗಳಲ್ಲಿ ಒಂಬತ್ತರ ಪಕ್ಕದ ಓಣಿ ಶೀಟಿನ ಕೆಳಗಿದೆ. ಹಗಲಲ್ಲೂ ಅಲ್ಲಿ ಲೈಟ್ ಹಾಕುತ್ತಾರೆ. ಆ ಓಣಿಗಳ ಆಚೆ ಯಾರು ಏನು ಒಣಗಿಸುತ್ತಿದ್ದರೋ, ಯಾರೂ ಕೇಳಲಿಲ್ಲ.

ಗುರುವಾರ ವೆಲ್ಡಿಂಗ್‌ನವರಿಗೆ ಗೋಡೆಯ ಗೆರೆಗೇ ನಿಲ್ಲಿಸಲು ಹೇಳಿದೆ. ಅನುಮತಿಯ ಅರ್ಜಿ ಕೊಟ್ಟಿದ್ದೇವೆ, ಅದು ಬರುವ ತನಕ ಪೈಪು ತಾರಸಿ ಮೇಲೆ ಹಾಗೇ ಬಿದ್ದಿರುತ್ತದೆ. ಯಜಮಾನರು ಎರಡು ದಿನ ಮುಖ ಊದಿಸಿಕೊಂಡಿದ್ದರು, ನಿನ್ನೆ ತಾವೇ ಹೋಗಿ ಅಜ್ಜಿಗೆ ವಿಷಯ ಹೇಳಿ ಬಂದರು.

ಇವತ್ತು ಬೆಳಿಗ್ಗೆ ಅಜ್ಜಿ ಕಾಂಪೌಂಡಿನ ಮೇಲೆ ಒಂದು ಬಟ್ಟಲು ಹಸಿ ಅವರೆಕಾಳು ಇಟ್ಟು ಕರೆದರು. "ಮಗ, ಅದೆಂತದೋ ಗಟರು ಅಂದ್ಯಲ್ಲ, ಅದ್ನ ಹಾಕುಸ್ತೀಯಾ?"

"ಹಾಕಿಸ್ತೀವಿ ಅಜ್ಜಿ."

"ಹಂಗಾರೆ ಆ ಪೈಪ್ ಬಾಯ್ನ ಈ ಕಡೀಕ್ ಒಸಿ ತಿರುಗ್ಸು. ಒಂದು ಡ್ರಮ್ ಇಟ್ಕತೀನಿ, ಪಾತ್ರೆ ತೊಳ್ಯಕಾಯ್ತದೆ."