ಕಳೆದುಹೋದ ಕಂತುಗಳು, ಮುಗಿಯದ ಮಫ್ಲರ್

ನಿಯಮ ಒಂದೇ. ಚಿತ್ರ ಇರುವ ಕಂತು ನೋಡುವಾಗ ಕಡ್ಡಿ ಮುಟ್ಟುವಂತಿಲ್ಲ. ಚಿತ್ರ ಅಳಿಸಿಹೋಗಿ ಬರೀ ಧ್ವನಿ ಉಳಿದ ಕಂತು ಬಂದಾಗ ಮಾತ್ರ ಹೆಣಿಗೆ.

ಸರಣಿ 'ಡಾಕ್ಟರ್ ಹೂ'. ಹೆಣೆಯುತ್ತಿರುವುದು ಅದರ ನಾಲ್ಕನೆಯ ಡಾಕ್ಟರ್ ಟಾಮ್ ಬೇಕರ್ ಕುತ್ತಿಗೆಗೆ ಸುತ್ತಿಕೊಳ್ಳುತ್ತಿದ್ದ ಪಟ್ಟೆಪಟ್ಟೆ ಮಫ್ಲರ್. ಅದರ ಹುಟ್ಟೇ ಒಂದು ತಮಾಷೆ. ವಸ್ತ್ರ ವಿನ್ಯಾಸಕ ಜೇಮ್ಸ್ ಅಕೆಸನ್ ಬಗೆಬಗೆ ಬಣ್ಣದ ಉಲ್ಲನ್ ತಂದು ಬಿಗೋನಿಯಾ ಪೋಪ್ ಎಂಬ ಹೆಣಿಗೆಯವರ ಕೈಗೆ ಕೊಟ್ಟರು. ಬೇಕಾದಷ್ಟು ಬಳಸಿ ಉಳಿದದ್ದು ವಾಪಸ್ ಬರುತ್ತದೆ ಅಂತ ಅವರ ಲೆಕ್ಕ. ಆಕೆ ಕೊಟ್ಟ ಉಲ್ಲನ್ನೆಲ್ಲ ಹೆಣೆದು ಮುಗಿಸಿಬಿಟ್ಟರು. ನೆಲಕ್ಕೆ ಎಳೆದಾಡುವಷ್ಟು ಉದ್ದವಾಯಿತು. ಬೇಕರ್ ಅದನ್ನೇ ಇಷ್ಟಪಟ್ಟರು. ಕಥೆಯೊಳಗೆ ಡಾಕ್ಟರ್ ಹೇಳುವುದೇ ಬೇರೆ: ನಾಸ್ಟ್ರಡಾಮಸನ ಹೆಂಡತಿ ಹೆಣೆದುಕೊಟ್ಟದ್ದಂತೆ.

ಸರಣಿ ಗೊತ್ತಿಲ್ಲದವರಿಗೆ ಎರಡು ಮಾತು. ಡಾಕ್ಟರ್ ಅಂದರೆ ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಒಬ್ಬ ಅನ್ಯಲೋಕದವನು. ಅವನ ವಾಹನ ಹೊರಗಿನಿಂದ ಬ್ರಿಟನ್ನಿನ ಹಳೆಯ ನೀಲಿ ಪೊಲೀಸ್ ಟೆಲಿಫೋನ್ ಪೆಟ್ಟಿಗೆ, ಒಳಗೆ ಹೋದರೆ ಎಷ್ಟೋ ವಿಶಾಲ. ಸಾಯುವ ಹೊತ್ತು ಬಂದರೆ ದೇಹ ಬದಲಾಗುತ್ತದೆ, ಅಂದರೆ ನಟ ಬದಲಾಗುತ್ತಾನೆ. 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಶುರುವಾಯಿತು. 1989ರಲ್ಲಿ ನಿಂತಿತು. 2005ರಲ್ಲಿ ಮತ್ತೆ ಎದ್ದಿತು. ಆ ಎರಡನೇ ಜನ್ಮದ ಮನೆ ನಾನೀಗ ಇರುವ ಕಾರ್ಡಿಫ್. ಹೊಸದೆಲ್ಲ ನೋಡಿಯಾಗಿತ್ತು. ಹಳೆಯದನ್ನು ಮೊದಲಿನಿಂದ ನೋಡೋಣ ಅಂತ ಕೂತೆ.

ಕೂತ ಮೇಲೆ ಗೊತ್ತಾಗುವುದು, ಮೂರರಲ್ಲೊಂದು ಪಾಲಿಗೂ ಹೆಚ್ಚು ತೂತು. ಮೊದಲ ಆರು ವರ್ಷಗಳ 253 ಕಂತುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಇಲ್ಲವೇ ಇಲ್ಲ. ವಿಡಿಯೋ ಟೇಪು ಆಗ ಬಲು ದುಬಾರಿ. ಒಂದು ಕಾರ್ಯಕ್ರಮ ಪ್ರಸಾರವಾದ ಮೇಲೆ ಅಳಿಸಿ ಇನ್ನೊಂದಕ್ಕೆ ಬಳಸುತ್ತಿದ್ದರು. ನಟರ ಜೊತೆಗಿನ ಒಪ್ಪಂದದ ಪ್ರಕಾರ ಮರುಪ್ರಸಾರಕ್ಕೂ ಮಿತಿ ಇತ್ತು. ಬಣ್ಣದ ಟಿವಿ ಬಂದ ಮೇಲೆ ಕಪ್ಪು ಬಿಳುಪನ್ನು ಯಾರು ಕೇಳುತ್ತಾರೆ ಅನ್ನಿಸಿರಬೇಕು. ವಿದೇಶಕ್ಕೆ ಮಾರಲು ತೆಗೆದ ಫಿಲ್ಮ್ ಪ್ರತಿಗಳೂ ಕಾಲಕ್ರಮದಲ್ಲಿ ಕಸಕ್ಕೆ ಹೋದವು.

ಆದರೆ ಪ್ರತಿಯೊಂದು ಕಂತಿನ ಧ್ವನಿಯೂ ಉಳಿದಿದೆ. ಅದನ್ನು ಉಳಿಸಿದ್ದು ಬಿಬಿಸಿ ಅಲ್ಲ. ಶನಿವಾರ ಸಂಜೆ ಟಿವಿ ಪಕ್ಕ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂರುತ್ತಿದ್ದ ಹುಡುಗರು. ಮುಂದೆ ಬಿಬಿಸಿಯೇ ಆ ಧ್ವನಿಗೆ ಹಳೆಯ ನಟರಿಂದ ನಡುನಡುವೆ ನಿರೂಪಣೆ ಓದಿಸಿ ಬಿಡುಗಡೆ ಮಾಡಿತು. ನಾನು ಕೇಳುತ್ತಿರುವುದು ಅದನ್ನೇ. ಕಿವಿಗೆ ಮಾತ್ರ ಕೆಲಸ, ಕೈ ಖಾಲಿ. ಮಫ್ಲರ್ ಹುಟ್ಟಿದ್ದು ಹಾಗೆ.

ಅರವತ್ತು ಕುಣಿಕೆ, ನಾಲ್ಕು ಮಿಲಿಮೀಟರ್ ಕಡ್ಡಿ, ಏಳು ಬಣ್ಣ, ಉದ್ದಕ್ಕೂ ಬರೀ ನಿಟ್ ಎಂಬ ಸಾದಾ ಹೆಣಿಗೆ. ಇಪ್ಪತ್ತೈದು ನಿಮಿಷದ ಕಂತಿಗೆ ಸುಮಾರು ಎಂಟು ಸಾಲು ಬೀಳುತ್ತದೆ. ನನ್ನ ಕೈ ಅಷ್ಟೇನೂ ಚುರುಕಲ್ಲ.

ನೇರಳೆ 8 ಸಾಲು, ಒಂಟೆ ಬಣ್ಣ 52 ಸಾಲು

ಮೊದಲ ಕಥೆ ಪೂರ್ತಿ ಇದೆ. ಹಕ್ಕಿನ ತಕರಾರಿನಿಂದ ಅದು ಬಿಬಿಸಿಯ ಆನ್‌ಲೈನ್ ಸೇವೆ ಐಪ್ಲೇಯರ್‌ನಲ್ಲಿ ನನಗೆ ಸಿಗಲಿಲ್ಲ. ಡಿವಿಡಿ ತರಿಸಿ ನೋಡಿದೆ. ನಿರ್ದೇಶಕ ವಾರಿಸ್ ಹುಸೇನ್, ಹುಟ್ಟಿದ್ದು ಲಖನೌದಲ್ಲಿ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ಗಂಡಸರೇ ತುಂಬಿದ್ದ ಆ ಕಾಲದ ಬಿಬಿಸಿಯಲ್ಲಿ ಇಪ್ಪತ್ತರ ಹರೆಯದ ಒಬ್ಬ ಹೆಂಗಸು, ಒಬ್ಬ ಭಾರತೀಯ ಹುಡುಗ ಸೇರಿ ಇದನ್ನು ಎಬ್ಬಿಸಿ ನಿಲ್ಲಿಸಿದರು. ಇದು ಗೊತ್ತಾದ ದಿನ ನನಗೆ ವಿನಾಕಾರಣ ಜಂಬ ಬಂತು. ನಾನೇನು ಮಾಡಿದ್ದೆ? ಏನೂ ಇಲ್ಲ. ಆದರೂ ಬಂತು.

ಅದೇ ಹುಸೇನ್ ಬಹುಪಾಲು ನಿರ್ದೇಶಿಸಿದ 'ಮಾರ್ಕೊ ಪೋಲೊ' ಏಳು ಕಂತುಗಳ ಕಥೆ, 1964ರದ್ದು. ಏಳೂ ಹೋಗಿವೆ. ಪಾಮೀರ್ ಬೆಟ್ಟ, ಗೋಬಿ ಮರುಭೂಮಿ, ಕೊನೆಗೆ ಕುಬ್ಲಾಯ್ ಖಾನನ ಆಸ್ಥಾನ. ಅನ್ಯಗ್ರಹದವರಿಲ್ಲ, ರಾಕ್ಷಸರಿಲ್ಲ. ನೀರು ಮುಗಿಯುತ್ತದೆ, ಜನ ಜಗಳವಾಡುತ್ತಾರೆ. ಡಾಕ್ಟರ್ ಖಾನನ ಜೊತೆ ಪಗಡೆಯಂಥ ಆಟಕ್ಕೆ ಕೂತು ತನ್ನ ವಾಹನವನ್ನೇ ಪಣಕ್ಕಿಟ್ಟು ಸೋಲುತ್ತಾನೆ. ಇಬ್ಬರು ಮುದುಕರು ಮೈಕೈ ನೋವಿನ ಬಗ್ಗೆ ಗೋಳು ಹಂಚಿಕೊಳ್ಳುವುದನ್ನು ಕೇಳಿ ನಕ್ಕು ಸಾಕಾಯಿತು. ಸೆಟ್ಟಿನ ಬಣ್ಣದ ಫೋಟೋಗಳು ಉಳಿದಿವೆ. ಎಷ್ಟು ವೈಭವ! ಕಪ್ಪು ಬಿಳುಪಿನ ಕಾರ್ಯಕ್ರಮಕ್ಕೆ ಅಷ್ಟು ಬಣ್ಣ ಬಳಿದಿದ್ದಾರೆ. ಆದರೆ ಅದೇ ಫೋಟೋಗಳಲ್ಲಿ ಇನ್ನೊಂದೂ ಕಾಣುತ್ತದೆ. ಚೀನೀಯರು, ಮಂಗೋಲರು ಅಂತ ನಿಂತವರು ಬಹುಪಾಲು ಬಣ್ಣ ಬಳಿದುಕೊಂಡ ಬಿಳಿಯ ನಟರು. ಧ್ವನಿ ಮಾತ್ರ ಕೇಳುವಾಗ ಈ ಮುಜುಗರ ಕಡಿಮೆ. ಹಾಗಂತ ಇಲ್ಲದೆ ಹೋಗುವುದಿಲ್ಲ.

ಅಮ್ಮ ಹಾಸನದಿಂದ ವಿಡಿಯೋ ಕಾಲ್ ಮಾಡಿದಾಗ ಕ್ಯಾಮೆರಾ ಮುಂದೆ ಹಿಡಿದು ತೋರಿಸಿದೆ. "ಅಂಚು ಚೆನ್ನಾಗಿ ಬಂದಿದೆ ಕಣೇ. ಎಷ್ಟುದ್ದ ಮಾಡ್ತೀಯಾ?" ಹನ್ನೆರಡು ಅಡಿ ದಾಟುತ್ತದೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ಯಾರಿಗೇ ಅದು? ರೈಲಿಗಾ?"

ಕಂಚು 16 ಸಾಲು

ಫ್ರೆಂಚ್ ಕ್ರಾಂತಿಯ ಕಥೆ. ಎರಡು ಕಂತು ಇಲ್ಲ. ಸರಿಯಾಗಿ ಹದಿನಾರು ಸಾಲಾಯಿತು. ಹೇಳಲು ಬೇರೇನೂ ಇಲ್ಲ.

ಇಲ್ಲಿ ಒಂದು ವಿಷಯ ತೀರ್ಮಾನ ಮಾಡಿದೆ. ಕೆಲವು ಕಳೆದ ಕಂತುಗಳಿಗೆ ಹಳೆಯ ಧ್ವನಿ ಇಟ್ಟುಕೊಂಡು ಹೊಸದಾಗಿ ಅನಿಮೇಷನ್ ಮಾಡಿದ್ದಾರೆ. ಶ್ರಮ ದೊಡ್ಡದು, ಒಪ್ಪುತ್ತೇನೆ. ಆದರೆ ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್ ಅವರ ಗತ್ತೆಲ್ಲ ಹುಬ್ಬು, ಬೆರಳುಗಳಲ್ಲಿದೆ. ಗೊಂಬೆಗೆ ಅದು ಬರುವುದಿಲ್ಲ. ನನಗೆ ಧ್ವನಿಯೇ ಸಾಕು.

ಸಾಸಿವೆ 10, ತುಕ್ಕು ಬಣ್ಣ 22

'ದಿ ಕ್ರುಸೇಡ್', 1965. ನಾಲ್ಕು ಕಂತಿನಲ್ಲಿ ಎರಡು ಇವೆ. ಅದರಲ್ಲೊಂದು 1999ರಲ್ಲಿ ನ್ಯೂಜಿಲೆಂಡಿನಲ್ಲಿ ಸಿಕ್ಕಿತು. ರಿಚರ್ಡ್ ದೊರೆ ತನ್ನ ತಂಗಿ ಜೊವಾನಾಳನ್ನು ಸಲಾದಿನ್‌ನ ತಮ್ಮನಿಗೆ ಮದುವೆ ಮಾಡಿಕೊಟ್ಟು ಯುದ್ಧ ನಿಲ್ಲಿಸಲು ನೋಡುತ್ತಾನೆ. ಆಕೆ ಸಿಡಿದೇಳುತ್ತಾಳೆ. ಜೀನ್ ಮಾರ್ಷ್ ಅವರ ಆ ಸಿಟ್ಟನ್ನು ನೋಡಲು ಸಿಗುತ್ತದೆ, ಚಿತ್ರ ಉಳಿದಿರುವ ಎರಡು ಕಂತುಗಳಲ್ಲಿ ಒಂದರಲ್ಲಿ ಅದಿದೆ. ಕಡ್ಡಿ ಕೆಳಗಿಟ್ಟು ನೋಡಿದೆ, ಮತ್ತೊಮ್ಮೆ ನೋಡಿದೆ.

ಮತ್ತೆ ನೇರಳೆ, ಆಮೇಲೆ ಹಸಿರು, ಅದರಾಚೆ

ಈ ಹಂತದಲ್ಲಿ ಮಫ್ಲರ್ ಭರ್ಜರಿಯಾಗಿ ಬೆಳೆಯಿತು, ಯಾಕೆಂದರೆ ಸರಣಿಯ ಮೂರನೇ ವರ್ಷ ತುಂಬಾ ಕಳೆದುಕೊಂಡಿದೆ. ಡಾಕ್ಟರ್‌ನ ಬದ್ಧವೈರಿಗಳಾದ, ಲೋಹದ ಕವಚದೊಳಗಿನ ಜೀವಿಗಳು ಡಾಲೆಕ್‌ಗಳು. ಅವುಗಳ ಹನ್ನೆರಡು ಕಂತಿನ ದೊಡ್ಡ ಕಥೆಯ ಬಹುಭಾಗ ಇಲ್ಲ. ಟ್ರಾಯ್ ನಗರದ ಕಥೆ ಒಂದು ಕಂತೂ ಇಲ್ಲ.

ಆಮೇಲೆ 'ದಿ ಮ್ಯಾಸಕರ್'. 1966. ಇದರ ಬಗ್ಗೆ ಹೇಳದೆ ಮುಂದೆ ಹೋಗಲಾರೆ.

ಪ್ಯಾರಿಸ್, 1572. ಸೇಂಟ್ ಬಾರ್ಥೊಲೊಮ್ಯೂ ಹಬ್ಬದ ಹೊತ್ತಿಗೆ ಪ್ರಾಟೆಸ್ಟೆಂಟರ ಮಾರಣಹೋಮ. ನಾಲ್ಕೂ ಕಂತು ಹೋಗಿವೆ. ಬೇರೆ ಎಷ್ಟೋ ಕಥೆಗಳಿಗಾದರೆ ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕ ಟಿವಿ ಪರದೆಯಿಂದಲೇ ತೆಗೆದ ಫೋಟೋಗಳಿರುತ್ತವೆ. ಅದಕ್ಕೆ ದುಡ್ಡು ಪಡೆಯುತ್ತಿದ್ದರು, ಅದೇ ಅವರ ಉದ್ಯೋಗ. ಈ ಕಥೆಗೆ ಅದೂ ಇಲ್ಲ. ಹೆಚ್ಚುಕಡಿಮೆ ಪೂರಾ ಕತ್ತಲು.

ಡಾಕ್ಟರ್ ಕಥೆಯ ಬಹುಭಾಗ ಕಾಣೆಯಾಗಿರುತ್ತಾನೆ. ಜೊತೆಗಾರ ಸ್ಟೀವನ್ ಒಬ್ಬನೇ ಗೊತ್ತಿಲ್ಲದ ಊರಲ್ಲಿ ಅಲೆಯುತ್ತಾನೆ. ಆನ್ ಎಂಬ ಮನೆಗೆಲಸದ ಹುಡುಗಿ ಪರಿಚಯವಾಗುತ್ತಾಳೆ. ಡಾಕ್ಟರ್ ಸಿಕ್ಕಾಗ ದಿನಾಂಕ ಕೇಳುತ್ತಾನೆ, ತಕ್ಷಣ ಹೊರಡು ಅನ್ನುತ್ತಾನೆ. ಆನ್‌ಳನ್ನು ಕರೆದುಕೊಂಡು ಹೋಗುವುದಿಲ್ಲ. ಆಕೆ ಪ್ರಾಟೆಸ್ಟೆಂಟ್. ಏನಾಗಿರಬಹುದು ಅಂತ ಸ್ಟೀವನ್‌ಗೂ ಗೊತ್ತು, ನಮಗೂ ಗೊತ್ತು. ಅವನು ಸಿಟ್ಟಿನಿಂದ ಇಳಿದು ಹೋಗುತ್ತಾನೆ. ಡಾಕ್ಟರ್ ಒಬ್ಬನೇ ಉಳಿದು ಮಾತಾಡಿಕೊಳ್ಳುತ್ತಾನೆ. ಎಲ್ಲರೂ ಬಿಟ್ಟುಹೋದರು, ಯಾರಿಗೂ ನಾನು ಅರ್ಥವಾಗಲಿಲ್ಲ, ನಮ್ಮೂರಿಗೇ ವಾಪಸ್ ಹೋಗಲೇ? ಇಲ್ಲ, ಆಗುವುದಿಲ್ಲ.

ಹಾರ್ಟ್‌ನೆಲ್ ಮಾತು ತಡವರಿಸುವುದು ಅಭಿಮಾನಿಗಳ ಹಳೆಯ ಜೋಕು. ಆರೋಗ್ಯ ಕೆಡುತ್ತಿತ್ತು, ಸಾಲು ಮರೆಯುತ್ತಿದ್ದರು. ಇಲ್ಲಿ ಅದು ಅಡ್ಡಬರುವುದೇ ಇಲ್ಲ. ಆ ಕೆಲವು ನಿಮಿಷ ನನ್ನ ಕೈ ನಿಂತಿತ್ತು. ನಿಯಮದ ಪ್ರಕಾರ ಹೆಣೆಯಬಹುದಿತ್ತು, ಆಗಲಿಲ್ಲ. ಹೊಸ ಸರಣಿಯಲ್ಲಿ ಡಾಕ್ಟರ್ ಒಬ್ಬಂಟಿ ಅಂತ ತೋರಿಸಲು ಮಳೆ ಸುರಿಸುತ್ತಾರೆ, ವಾದ್ಯಮೇಳ ಬಾರಿಸುತ್ತಾರೆ. ಅದಕ್ಕೂ ನಾನು ಅತ್ತವಳೇ. ಆದರೆ ಇದರ ಮುಂದೆ ಅದು ಜಾಸ್ತಿಯಾಯಿತು ಅನ್ನಿಸುತ್ತದೆ.

ಮುಂದಿನದೊಂದು ಕಥೆ, 'ದಿ ಸೆಲೆಸ್ಟಿಯಲ್ ಟಾಯ್‌ಮೇಕರ್', ಮೂರು ಕಂತಿಲ್ಲ. ಆಟ, ಪ್ರಾಸ, ಮತ್ತೆ ಆಟ. ಒಂದು ಕಡೆ ಕರಿಯರನ್ನು ಹೀಯಾಳಿಸುವ ಪದವೂ ಬರುತ್ತದೆ. ಕಳೆದುಹೋದದ್ದೆಲ್ಲ ರತ್ನ ಅಂತ ನಂಬುವವರು ಇದನ್ನು ಕೇಳಬೇಕು.

ಒಂದು ಕ್ಷಣ ಕಡ್ಡಿ ಕೆಳಗೆ

'ದಿ ಟೆಂತ್ ಪ್ಲಾನೆಟ್', ನಾಲ್ಕನೇ ಕಂತು, ಅಕ್ಟೋಬರ್ 1966. ಹಾರ್ಟ್‌ನೆಲ್ ಹೋಗಿ ಪ್ಯಾಟ್ರಿಕ್ ಟ್ರೌಟನ್ ಬರುವ ಕಂತು. ಇಡೀ ಸರಣಿಯ ಆಯಸ್ಸು ನಿಂತಿರುವುದೇ ಈ ಉಪಾಯದ ಮೇಲೆ. ನಾಯಕನಿಗೆ ಕೈಲಾಗುತ್ತಿಲ್ಲ, ಕಾರ್ಯಕ್ರಮ ನಿಲ್ಲಿಸಲು ಮನಸ್ಸಿಲ್ಲ, ಸರಿ, ಮುಖವನ್ನೇ ಬದಲಿಸು. ಅಂಥ ಕಂತನ್ನೇ ಕಳೆದುಹಾಕಿದ್ದಾರೆ. ಆದರೆ ಮುಖ ಬದಲಾಗುವ ತುಣುಕು ಮಾತ್ರ ಉಳಿದಿದೆ, ಯಾಕೆಂದರೆ 1973ರಲ್ಲಿ 'ಬ್ಲೂ ಪೀಟರ್' ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಅದನ್ನು ತೋರಿಸಿದ್ದರು. ಹಾಗಾಗಿ ಧ್ವನಿ ಕೇಳುತ್ತಾ ಕೂತವಳು ಅಷ್ಟಕ್ಕೆ ಕಡ್ಡಿ ಕೆಳಗಿಟ್ಟು, ನೋಡಿ, ಮತ್ತೆ ಎತ್ತಿಕೊಂಡೆ.

ಟ್ರೌಟನ್ ಕಾಲ, ಬಣ್ಣಗಳ ಲೆಕ್ಕ ತಪ್ಪುವಷ್ಟು ಉದ್ದ

ಟ್ರೌಟನ್ ನನಗೆ ಈಗ ಎಲ್ಲರಿಗಿಂತ ಪ್ರೀತಿಯ ಡಾಕ್ಟರ್. ಅವರದ್ದೇ ಜಾಸ್ತಿ ಹೋಗಿದೆ. ಪೆದ್ದನಂತೆ ಕಾಣುತ್ತಾ ಕೋಣೆಯಲ್ಲಿ ಇರುವವರೆಲ್ಲರಿಗಿಂತ ಹತ್ತು ಹೆಜ್ಜೆ ಮುಂದಿರುವ ಮನುಷ್ಯ. ಮೊದಲ ಕಥೆ 'ದಿ ಪವರ್ ಆಫ್ ದಿ ಡಾಲೆಕ್ಸ್'. ಆರೂ ಕಂತು ಇಲ್ಲ. ಡಾಲೆಕ್ ಒಂದು ಮನುಷ್ಯರ ಮುಂದೆ ನಾನು ನಿಮ್ಮ ಸೇವಕ ಅಂತ ಹೇಳುತ್ತಲೇ ಇರುತ್ತದೆ. ಅದರ ಕರ್ಕಶ ಕಂಠದಲ್ಲಿ ವಿನಯ ಕೇಳಿದರೆ ಬೆನ್ನು ಚಳುಕ್ಕೆನ್ನುತ್ತದೆ. ಕೊಲ್ಲುತ್ತೇನೆ ಅಂದಾಗ ಇಷ್ಟು ಭಯವಾಗಿರಲಿಲ್ಲ.

'ದಿ ವೆಬ್ ಆಫ್ ಫಿಯರ್' ಲಂಡನ್ನಿನ ಸುರಂಗ ರೈಲಿನಲ್ಲಿ ನಡೆಯುವ ಯೇತಿಗಳ ಕಥೆ. ಹಳೆಯ ಟಿವಿ ಕಾರ್ಯಕ್ರಮಗಳನ್ನು ಹುಡುಕುವ ಫಿಲಿಪ್ ಮಾರಿಸ್ ನೈಜೀರಿಯಾದ ಜೋಸ್ ನಗರದ ಟಿವಿ ಕೇಂದ್ರದಿಂದ ಪತ್ತೆ ಮಾಡಿದ ಡಬ್ಬಗಳಲ್ಲಿ, ಅಲ್ಲಿಯವರೆಗೆ ಕಳೆದುಹೋಗಿದ್ದ ಒಂಬತ್ತು ಕಂತುಗಳು ಸಿಕ್ಕವು ಅಂತ 2013ರಲ್ಲಿ ಪ್ರಕಟವಾಯಿತು. ಈ ಕಥೆಯದೂ ಬಂತು, ಮೂರನೇ ಕಂತು ಮಾತ್ರ ಬರಲಿಲ್ಲ. ಮೂರನೆಯದರಲ್ಲಿ ಏನಿದೆ? ನಿಕೊಲಸ್ ಕೋರ್ಟ್ನಿ ಮೊದಲ ಬಾರಿ ಲೆತ್‌ಬ್ರಿಜ್-ಸ್ಟುವರ್ಟ್ ಆಗಿ ಕಾಣಿಸಿಕೊಳ್ಳುವುದು. ಮುಂದೆ ಬ್ರಿಗೇಡಿಯರ್ ಆಗಿ ದಶಕಗಳ ಕಾಲ ಡಾಕ್ಟರ್‌ನ ಗೆಳೆಯನಾದ ಮನುಷ್ಯ. ನಾನು ಆ ಎಂಟು ಸಾಲನ್ನು ಬೈದುಕೊಂಡೇ ಹೆಣೆದೆ.

'ಫ್ಯೂರಿ ಫ್ರಮ್ ದಿ ಡೀಪ್' ಇನ್ನೂ ಮಜಾ. ಆರು ಕಂತೂ ಹೋಗಿವೆ. ಆದರೆ ಆಸ್ಟ್ರೇಲಿಯಾದ ಸೆನ್ಸಾರಿನವರು ಮಕ್ಕಳು ಹೆದರುತ್ತಾರೆ ಅಂತ ಕತ್ತರಿಸಿ ತೆಗೆದ ತುಂಡುಗಳು ಅಲ್ಲಿನ ಸರ್ಕಾರಿ ದಾಖಲೆಗಳ ಸಂಗ್ರಹದಲ್ಲಿ ಹಾಗೇ ಉಳಿದಿದ್ದವು. 1996ರಲ್ಲಿ ಅಭಿಮಾನಿಗಳು ಹುಡುಕಿ ತೆಗೆದರು. ಓಕ್, ಕ್ವಿಲ್ ಎಂಬ ಇಬ್ಬರು ಒಂದು ಮನೆಗೆ ನುಗ್ಗಿ, ಬಾಯಿ ಅಗಲವಾಗಿ ತೆರೆದು ವಿಷಗಾಳಿ ಊದುತ್ತಾರೆ. ಒಬ್ಬ ಗುಂಡಗೆ, ಒಬ್ಬ ಬಡಕಲು. ಇವತ್ತಿಗೂ ರಾತ್ರಿ ಒಬ್ಬಳೇ ನೋಡುವಂಥದ್ದಲ್ಲ. ಯಾರೂ ನೋಡಬಾರದು ಅಂತ ತೆಗೆದದ್ದೇ ಇವತ್ತು ನೋಡಲು ಸಿಗುವುದು. ನೋಡಲಿ ಅಂತ ಬಿಟ್ಟದ್ದೆಲ್ಲ ಮಾಯ.

ಈಗಿನ ಸ್ಥಿತಿ

ಮಫ್ಲರ್ ನನ್ನ ಕಪಾಟಿನ ಬಾಗಿಲಿಗಿಂತ ಉದ್ದವಾಗಿ, ಕುತ್ತಿಗೆಗೆ ಎರಡು ಸುತ್ತು ಬರುವಷ್ಟಾಗಿದೆ. ಸಾಸಿವೆ ಬಣ್ಣದ ಉಲ್ಲನ್ ಖಾಲಿ. ಅದೇ ಛಾಯೆ ಅಂಗಡಿಯಲ್ಲಿ ಸಿಗುತ್ತಿಲ್ಲ, ಹತ್ತಿರದ್ದು ಸ್ವಲ್ಪ ಹಳದಿ ಜಾಸ್ತಿ. ಮೂಲ ಮಫ್ಲರೇ ಕೈಗೆ ಸಿಕ್ಕ ಉಲ್ಲನ್ನಿನದು, ನಡೆಯುತ್ತದೆ ಬಿಡಿ.

ಇನ್ನು ಉಳಿದಿರುವುದು 'ದಿ ವೀಲ್ ಇನ್ ಸ್ಪೇಸ್'ನ ನಾಲ್ಕು ಕಂತು, 'ದಿ ಇನ್ವೇಷನ್'ನ ಎರಡು, 'ದಿ ಸ್ಪೇಸ್ ಪೈರೇಟ್ಸ್'ನ ಐದು. ಕೊನೆಯದು ಮಹಾ ಬೋರಂತೆ, ಎಲ್ಲರೂ ಹೇಳುತ್ತಾರೆ. ಬಣ್ಣ ಬದಲಿಸುವ ಜಾಗಗಳನ್ನು ಅಲ್ಲಿಗೇ ಬರುವ ಹಾಗೆ ಹೊಂದಿಸಿಕೊಂಡಿದ್ದೇನೆ, ತೂಕಡಿಕೆ ಬರಬಾರದಲ್ವಾ. ಅಲ್ಲಿಗೆ ಕಳೆದ ಕಂತುಗಳು ಮುಗಿಯುತ್ತವೆ. ಅಂದರೆ ಮಫ್ಲರ್ ಮುಗಿಯುವುದು 1969ಕ್ಕೆ. ಅದರ ಯಜಮಾನ ಟಾಮ್ ಬೇಕರ್ ತೆರೆಗೆ ಬರುವುದು 1974ಕ್ಕೆ. ನಡುವೆ ಜಾನ್ ಪರ್ಟ್‌ವೀ ಅವರ ಐದು ವರ್ಷ, ಎಲ್ಲ ಕಂತಿಗೂ ಚಿತ್ರ ಇದೆ. ಕೈಗೆ ಕೆಲಸ ಇಲ್ಲ.

ಒಂದು ತೊಡಕು. ಕಳೆದ ಕಂತು ಯಾವಾಗ ಬೇಕಾದರೂ ಎಲ್ಲೋ ಒಂದು ಅಟ್ಟದಲ್ಲಿ, ಗೋದಾಮಿನಲ್ಲಿ ಸಿಗಬಹುದು. ನಾನು ಮುಗಿಸುವ ಮೊದಲೇ ಯಾರಾದರೂ ಸ್ಪೇಸ್ ಪೈರೇಟ್ಸಿನ ಒಂದು ಡಬ್ಬ ಹುಡುಕಿ ತಂದರೆ ನನ್ನ ಮಫ್ಲರ್ ಎಂಟು ಸಾಲು ಮೋಟಾಗುತ್ತದೆ. ತರಲಿ. ವೆಬ್ ಆಫ್ ಫಿಯರ್ ಮೂರನೇ ಕಂತು ಸಿಕ್ಕಿದರೆ, ಹೆಣೆದ ಆ ಎಂಟು ಸಾಲು ಬಿಚ್ಚುವುದಕ್ಕೂ ತಯಾರಿದ್ದೇನೆ.